ಮಠದ ಅಪ್ಪಣೆ ಸಿಕ್ಕ ವಾರ

2002ನೇ ಇಸವಿ, ಫೆಬ್ರುವರಿಯ ಒಂದು ಬುಧವಾರ, ಬೆಳಿಗ್ಗೆ ಹತ್ತು ಗಂಟೆ. ಡಯಾಲಿಸಿಸ್ ಕೋಣೆಯಲ್ಲಿ ಮೂವರಿದ್ದೆವು: ಯಂತ್ರಕ್ಕೆ ಕೈ ಕೊಟ್ಟು ಮಲಗಿದ್ದ ನನ್ನ ಹೆಂಡತಿ, ಅವಳ ವೈದ್ಯರು, ನಾನು.

ಅವಳ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ್ದವು. ನನಗೆ ಸಕ್ಕರೆ ಕಾಯಿಲೆ, ನನ್ನದು ಬೇಡವೆಂದಿದ್ದರು. ಅವಳ ತಮ್ಮನ ರಕ್ತದ ಗುಂಪು ಹೊಂದಲಿಲ್ಲ. ಹಾಗಿರುವಾಗ ಪತ್ರಿಕೆಯಲ್ಲಿ ಒಂದು ಸುದ್ದಿ ಬಂತು. ಹಂದಿಯ ಅಂಗ ಒಳಗೆ ಬಂದೊಡನೆ ಮನುಷ್ಯನ ಮೈ ಅದರ ಮೇಲೆ ಎರಗುತ್ತದಂತೆ. ಅದಕ್ಕೆ ಕಾರಣವಾದ ಒಂದು ಜೀನನ್ನು ತೆಗೆದು ವಿದೇಶದಲ್ಲಿ ಹಂದಿಮರಿಗಳನ್ನು ಹುಟ್ಟಿಸಿದ್ದಾರಂತೆ. ಮುಂದೆ ಅವುಗಳ ಮೂತ್ರಪಿಂಡ ನಮಗೂ ಆದೀತು ಎಂದಿತ್ತು. ‘ಮುಂದೆ’ ಎಂಬ ಮಾತು ನಮ್ಮಿಬ್ಬರ ಕಣ್ಣಿಗೂ ಬೀಳಲಿಲ್ಲ.

ನಮಗೆ ಕಂಡ ತೊಡಕೇ ಬೇರೆ. ಮೊಟ್ಟೆ ಬೇಯಿಸುವ ಹೋಟೆಲಿನಲ್ಲಿ ಅವಳು ಕಾಫಿಯನ್ನೂ ಕುಡಿದವಳಲ್ಲ; ಲಿಂಗಪೂಜೆಯಾಗದೆ ತಿಂಡಿಯಿಲ್ಲ.

"ಹಂದೀದು ಒಳಗಿಟ್ಕೊಂಡು ಲಿಂಗ ಹೆಂಗ್ರೀ ಮುಟ್ಟಲಿ?" ಎಂದಳು.

"ಬದುಕಿದ್ರೆ ತಾನೇ ಕಣಮ್ಮ ಮುಟ್ಟೋದು? ಮಠದಲ್ಲಿ ಕೇಳ್ಬುಡೋಣ," ಎಂದರು ನನ್ನ ತಾಯಿ.

ಆ ಬುಧವಾರದ ಹಿಂದಿನ ಭಾನುವಾರ ತಾಯಿಯೂ ಸೇರಿ ಮೂವರೂ ಮಠಕ್ಕೆ ಹೋದೆವು. ಸ್ವಾಮಿಗಳು ಎಲ್ಲವನ್ನೂ ಕೇಳಿ, "ಹಾಕಿಸ್ಕೊಳ್ಳಿ ತಾಯಿ. ಒಳಗೆ ಬಂದ ಮೇಲೆ ಅದು ನಿಮ್ಮದೇ," ಎಂದರು.

ಅವಳ ಉಪ್ಪು, ಕುಡಿಯುವ ನೀರು ಎಲ್ಲವನ್ನೂ ಅಳೆದು ಕೊಡುತ್ತಿದ್ದವನು ನಾನು. ಹೊರಗೆ ಬಂದು ನಕ್ಕಳು: "ಇನ್ಮೇಲೆ ನಿಮ್ಮ ರೂಲ್ಸೆಲ್ಲ ಆ ಹಂದಿಗೆ ಹೇಳ್ಕೊಳ್ರೀ!"

ಬುಧವಾರ ಡಯಾಲಿಸಿಸ್ ಕೋಣೆಯಲ್ಲಿ ಅವಳೇ ವೈದ್ಯರಿಗೆ ಅಪ್ಪಣೆಯ ಸಂಗತಿ ತಿಳಿಸಿದಳು. "ಯಾವಾಗ ತರಿಸ್ತೀರಿ ಡಾಕ್ಟ್ರೇ?"

ಅವರು ಸ್ಟೂಲ್ ಎಳೆದು ಕುಳಿತರು. "ಮಠ ಒಪ್ತು ಅಮ್ಮ, ಮೈ ಒಪ್ಪಬೇಕಲ್ಲ. ಒಂದು ಜೀನ್ ತೆಗೆದಿದ್ದಾರೆ, ಜಗಳಕ್ಕೆ ಕಾರಣ ಇನ್ನೂ ಬೇಕಾದಷ್ಟಿದೆ. ಹಂದಿಯೊಳಗಿನ ವೈರಸ್ ನಮಗೆ ಹತ್ತುತ್ತೇನೋ ಅನ್ನೋ ಭಯ ಬೇರೆ. ಇನ್ನೂ ಕೋತಿಗಳಿಗೆ ಹಾಕಿ ನೋಡ್ಬೇಕು."

"ಎಷ್ಟು ತಿಂಗಳಾಗುತ್ತೆ?" ನಾನು ಕೇಳಿದೆ.

"ತಿಂಗಳ ಲೆಕ್ಕದ್ದಲ್ಲ ಸರ್ ಇದು."

ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು ನಾನು. ಮುಂದೇನು ಮಾಡಬೇಕೆಂದು ಯಾರನ್ನೂ ಕೇಳಿದವನಲ್ಲ. ಅವತ್ತು ಕೇಳಬೇಕೆನಿಸಿತು, ಯಾರನ್ನು ಕೇಳುವುದೆಂದು ತಿಳಿಯಲಿಲ್ಲ.

ಆಟೋದಲ್ಲಿ ರಾಮಕೃಷ್ಣನಗರದ ಮನೆಗೆ ಬರುವಾಗ ಅವಳು ಆಡಿದ್ದು ಒಂದೇ ಮಾತು: "ಸ್ವಾಮಿಗಳಿಗೆ ಹೇಳ್ಬೇಡಿ. ನೊಂದ್ಕೋತಾರೆ."

ಸಂಜೆ ಅವಳಿಗಾಗಿ, ಪೊಟ್ಯಾಸಿಯಂ ಇಳಿಯಲೆಂದು, ಬೀನ್ಸ್ ಬೇಯಿಸಿ ಬಸಿದೆ, ಹೊಸ ನೀರಲ್ಲಿ ಮತ್ತೆ ಬೇಯಿಸಿ ಆ ನೀರನ್ನೂ ಚೆಲ್ಲಿದೆ. ಊಟವಾಯಿತು. ಮಾರನೆಯ ದಿನಕ್ಕೆ ಅವಳ ಪಾಲಿನ ನೀರನ್ನು ಅಳೆದು ತಂಬಿಗೆಗೆ ಸುರಿದೆ. ಒಂದು ಗುಟುಕು ಹೆಚ್ಚು ಬಿತ್ತು. ಇರಲಿ ಎನಿಸಿತು. ಆಮೇಲೆ ಅದನ್ನು ತೆಗೆದು, ತಟ್ಟೆ ಮುಚ್ಚಿದೆ.