ದಾವಲ್‌ಬೀ ಮಾಡಿದ ಮೊಣಕಾಲಿನ ಅಂದಾಜು

ಮುದಗಲ್ಲಿನಲ್ಲಿ ನಮ್ಮ ಪಕ್ಕದ ಮನೆಯ ದಾವಲ್‌ಬೀ ಬಟ್ಟೆ ಚೂರು ಜೋಡಿಸಿ ಕೌದಿ ಹೊಲಿಯುವುದರಲ್ಲಿ ಎತ್ತಿದ ಕೈ. ಹೊಲಿಗೆ ಎಷ್ಟು ಸಣ್ಣದೋ ಹಟ ಅಷ್ಟೇ ದೊಡ್ಡದು. ಮದುವೆಯಾಗಿ ಬಂದಾಗಿನಿಂದ ಮನೆ ಮುಂದಿನ ಅದೇ ಕಟ್ಟೆ, ಅದೇ ಸೂಜಿ. ಐವತ್ತು ದಾಟುವಷ್ಟರಲ್ಲಿ ಮೊಣಕಾಲು ಹಿಡಿದವು. ನಮಾಜಿಗೆ ನೆಲಕ್ಕೆ ಬಾಗಲಾಗದೆ ಸ್ಟೂಲಿನ ಮೇಲೆ ಕೂತು ಕಣ್ಣೀರು ಹಾಕುತ್ತಿದ್ದಳು.

ತೊಂಬತ್ಮೂರನೇ ಇಸವಿಯಲ್ಲಿ, ಅವಳೇ ಸಾಕಿದ ತಾಯಿಯಿಲ್ಲದ ಮೊಮ್ಮಗಳು ನಜಮಾ, ಲಿಂಗಸುಗೂರಿನ ತಾಲ್ಲೂಕು ಆಟಗಳಲ್ಲಿ ಓಟದಲ್ಲಿ ಮೊದಲು ಬಂದಳು. ಮುಂದೆ ಜಿಲ್ಲಾ ಆಟಗಳಿಗೆ ರಾಯಚೂರಿಗೆ ಹೋಗಬೇಕು. ದಾವಲ್‌ಬೀ ಸುತರಾಂ ಒಪ್ಪಲಿಲ್ಲ. ಹುಡುಗಿ ಅತ್ತು ಊಟ ಬಿಟ್ಟಳು.

"ಓಡಿದ್ರ ಕೀಲಿನ ಎಣ್ಣಿ ಆರ್ತೈತಿ. ನನ್ನಂಗ ಆಕೀನೂ ಗ್ವಾಡಿ ಹಿಡ್ಕೊಂಡು ಏಳೂದು ಬ್ಯಾಡ."

"ಯಾರ್ ಹೇಳ್ಯಾರ ನಿನಗ?" ಎಂದೆ ನಾನು.

"ಹೇಳಾಕ ಯಾರ್ ಬೇಕು? ನಾನೇ ನೋಡ್ತೀನಿ."

ಶುರುವಾಯಿತು ನೋಡಿ ಇವಳ ಪರೀಕ್ಷೆ! ಕಟ್ಟೆಗೆ ಬಂದವರನ್ನೆಲ್ಲ ಚಾಪೆಯ ಮೇಲೆ ಕೂರಿಸುವುದು, ಚಹಾ ಕೊಡುವುದು, ಏಳುವಾಗ ನೆಲಕ್ಕೆ ಕೈ ಊರುತ್ತಾರೋ ಇಲ್ಲವೋ ನೋಡುವುದು. ಕೌದಿ ಹೊಲಿಸಲು ಬಂದ ಹೊನ್ನೂರಪ್ಪ, ಜೀವಮಾನವಿಡೀ ಕುರಿ ಹಿಂದೆ ಓಡಿದ ಮುದುಕ, ಚಹಾ ಕುಡಿದು ಚಟ್ಟನೆ ಎದ್ದ.

"ಅವ ಹಾಲು ಕುಡುದು ಬೆಳದಾನ, ಲೆಕ್ಕಕ್ಕಿಲ್ಲ," ಎಂದಳು.

ಅಂಗಡಿಯ ಗಾದಿ ಬಿಟ್ಟು ಅಲುಗದ ಉಸ್ಮಾನ್‌ಸಾಬ್ ಬಟ್ಟೆ ಚೂರು ಕೊಡಲು ಬಂದವರು ಎರಡೂ ಕೈ ಊರಿ, "ಯಾ ಅಲ್ಲಾ" ಎಂದು ನರಳುತ್ತ ಎದ್ದರು.

"ಅವ್ರಿಗೆ ಮೈ ಭಾರ. ಅವ್ರೂ ಲೆಕ್ಕಕ್ಕಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ತನಗೆ ಬೇಕಾದ ಉತ್ತರ ಬರುವತನಕ ಊರನ್ನೆಲ್ಲ ಕೂರಿಸಿ ಎಬ್ಬಿಸುವವಳು ಇವಳು!

"ಊರ ಮಂದೀದು ಬಿಡು. ಹುಟ್ಟಿದಾಗಿಂದ ನೀ ಎಲ್ಲಿ ಓಡೀದಿ, ಅದನ್ನ ಹೇಳು."

ಸೂಜಿ ನಿಂತಿತು.

"ನನಗ ಯಾರು ಓಡಾಕ ಬಿಟ್ಟಿದ್ರು, ಪಾರ್ವತೆಮ್ಮ?" ಎಂದಳು. ಅಷ್ಟು ಮೆತ್ತಗೆ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಸಂಜೆ ನಜಮಾ ಶಾಲೆಯಿಂದ ಬಂದು, ಮುಖ ಊದಿಸಿಕೊಂಡೇ ಒಳಗೆ ಹೊರಟಿದ್ದಳು. ದಾವಲ್‌ಬೀ ಗೋಡೆ ಬಿಟ್ಟು ಅವಳ ಹೆಗಲು ಹಿಡಿದು ಎದ್ದು ನಿಂತಳು.

"ಕುಂತ ಕಾಲೂ ಸವೆದ್ವು, ಬೇಟಿ," ಎಂದಳು. "ಸವೆಯೂದು ಖರೆ ಆದ್ರ, ನಿನ್ನವು ಓಡೇ ಸವೆಯ್ಲಿ. ರಾಯಚೂರಿಗೆ ನಾನೂ ಬರ್ತೀನಿ."