ಹಂಪಣ್ಣ ಡ್ರೈವರ್ ಮಗಳ ಕಾರು ಹೊಡೆದದ್ದು

ಕುಷ್ಟಗಿಯಿಂದ ಗಂಗಾವತಿಗೆ, ಗಂಗಾವತಿಯಿಂದ ಕೊಪ್ಪಳಕ್ಕೆ, ಅಲ್ಲಿಂದ ಯಲಬುರ್ಗಾದ ಮೇಲೆ ಹಾಯ್ದು ಮತ್ತೆ ಕುಷ್ಟಗಿಗೆ, ಹೀಗೆ ಸರಕಾರಿ ಬಸ್ಸು ಹೊಡೆಯುತ್ತಲೇ ತಲೆ ಬೆಳ್ಳಗಾದ ಮನುಷ್ಯ ಹಂಪಣ್ಣ. ಅವನ ಬಸ್ಸಿಗೆ ಸಿಕ್ಕಿ ಒಂದು ಕೋಳಿಯೂ ಸತ್ತಿಲ್ಲ ಎಂದು ಡಿಪೋದವರು ಹೇಳುತ್ತಾರೆ. ಕೋಳಿಯ ಮಾತು ಸ್ವಲ್ಪ ಹೆಚ್ಚಾಯಿತು, ಆದರೆ ಮನುಷ್ಯರ ಮಟ್ಟಿಗೆ ಅದು ಖರೆ. ಅಪಘಾತ ಮಾಡದ ಚಾಲಕನೆಂದು ಬೆಳ್ಳಿ ಪದಕ ಕೊಟ್ಟಾಗ ಎಲ್ಲರಂತೆ ಅದನ್ನು ಟ್ರಂಕಿನಲ್ಲಿ ಇಡಲಿಲ್ಲ, ಟಿವಿಯ ಮೇಲಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ. ಯಾರಾದರೂ ಎಲ್ಲೋ ಗಾಡಿ ಪಲ್ಟಿಯಾದ ಸುದ್ದಿ ಎತ್ತಿದರೆ ಸಾಕು, ಎರಡೂ ಅಂಗೈ ಮುಂದೆ ಚಾಚಿ "ಇದು ಕೈಯಾಗ ಇರಬೇಕ್ರಿ" ಅನ್ನುವ ಚಟ ಅವನಿಗೆ. ಕೇಳಿ ಕೇಳಿ ಬೀಗರಿಗೂ ಸಾಕಾಗಿತ್ತು.

ಈ ಹಂಪಣ್ಣ ಕಳೆದ ಬೇಸಿಗೆಯಲ್ಲಿ ಐರ್ಲೆಂಡಿಗೆ ಹೋಗಿ ಬಂದ. ಮಗಳು ಸಹನಾ ಅಲ್ಲಿ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ನರ್ಸು. ಅಪ್ಪ ಅವ್ವ ಇಬ್ಬರೂ ಬರಲಿ ಎಂದೇ ಕರೆದಿದ್ದಳು. ಹೆಂಡತಿ ಅನುಸೂಯಾಳ ತಾಯಿ ಕಿನ್ನಾಳದಲ್ಲಿ ಹಾಸಿಗೆ ಹಿಡಿದಿದ್ದರಿಂದ ಅವನೊಬ್ಬನೇ ವಿಮಾನ ಹತ್ತಿದ. ತಿರುಗಿ ಬಂದ ಮೇಲೆ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಹಳೆಯ ದೋಸ್ತರು ಸುತ್ತುಗಟ್ಟಿ ಕೇಳಿದ ಮೊದಲ ಪ್ರಶ್ನೆ, "ಅಲ್ಲಿ ಗಾಡಿ ಹೊಡದ್ಯೇನೋ?" ಎಂದು.

"ಹೊಡದ್ನೆಪಾ. ರೋಡಂದ್ರ ರೋಡು ಅವು. ನೀರು ಹರದಂಗ ಹೊಡದೆ," ಎಂದ ಹಂಪಣ್ಣ.

ಬಾಯಿಂದ ಬಂದದ್ದು ಅಷ್ಟೇ. ಆದರೆ ಅಲ್ಲಿ ನಡೆದದ್ದೇ ಬೇರೆ.

ಸಹನಾಳ ಮನೆಯ ಮುಂದೆ ಒಂದು ಪುಟ್ಟ ಕಾರು ನಿಂತಿರುತ್ತಿತ್ತು. ಆ ದೇಶದಲ್ಲೂ ನಮ್ಮ ಹಾಗೆಯೇ ಗಾಡಿಗಳು ರಸ್ತೆಯ ಎಡಕ್ಕೆ ಹೋಗುತ್ತವೆ, ಸ್ಟೇರಿಂಗ್ ಬಲಕ್ಕೇ ಇರುತ್ತದೆ. ಅದನ್ನು ಕಂಡದ್ದೇ ಹಂಪಣ್ಣನ ಕೈ ತುರಿಸತೊಡಗಿತು. ಹೋದ ಮಾರನೆಯ ದಿನವೇ ಚಾವಿ ಕೇಳಿದ.

"ನೀ ಹೊಡಿಯಾಂಗಿಲ್ಲಪ್ಪಾ," ಎಂದಳು ಸಹನಾ. "ಇನ್ಶೂರೆನ್ಸ್‌ನ್ಯಾಗ ನಿನ್ನ ಹೆಸರಿಲ್ಲ."

"ಗಾಡಿಗೆ ಐತಿಲ್ಲ?"

"ಗಾಡಿಗೆ ಇದ್ರ ಆಗಂಗಿಲ್ಲ. ಇಲ್ಲಿ ಯಾರ ಹೆಸರು ಬರಸೀವೋ ಅವರಷ್ಟ ಹೊಡೀಬೇಕು. ನಂದೊಂದ ಐತಿ."

ಹಂಪಣ್ಣನಿಗೆ ಇದು ತಲೆಗೆ ಹೋಗಲಿಲ್ಲ. ನಮ್ಮ ಕಡೆ ವಿಮೆ ಗಾಡಿಯ ಬಾಬತ್ತು. ಗಾಡಿಗೆ ಹಾರನ್ ಇದ್ದಂತೆ ಅದೂ ಇರುತ್ತದೆ. ಲೈಸೆನ್ಸ್ ಇದ್ದವರು ಯಾರು ಹೊಡೆದರೂ ಯಾರೂ ಏನೂ ಕೇಳುವುದಿಲ್ಲ. ಕುಷ್ಟಗಿಯಲ್ಲಿ ಒಬ್ಬರ ಮನೆ ಮುಂದೆ ಕಾರು ನಿಂತರೆ ಅದರ ಚಾವಿ ಪಡಸಾಲೆಯ ಗೂಟದಲ್ಲಿ ಇರುತ್ತದೆ. ಭಾವಮೈದ ಬಂದರೆ ಭಾವಮೈದ ಒಯ್ಯುತ್ತಾನೆ, ಪಕ್ಕದ ಮನೆಯವಳಿಗೆ ಹೆರಿಗೆ ನೋವು ಬಂದರೆ ಅವಳ ಗಂಡ ಒಯ್ಯುತ್ತಾನೆ. ಚಾವಿ ಇಲ್ಲ ಅಂದವನ ಮನೆಗೆ ಮತ್ತೆ ಯಾರೂ ಹಬ್ಬಕ್ಕೆ ಬರುವುದಿಲ್ಲ. ಹಾಗಿರುವಾಗ ಹೆತ್ತ ಮಗಳು ಅಪ್ಪನಿಗೆ ಚಾವಿ ಇಲ್ಲ ಅಂದಳು.

"ನನ್ನ ಹೆಸರೂ ಬರಸು ಹಂಗಾರ."

"ಕೇಳೇನಪ್ಪಾ. ವಯಸ್ಸಾಗೈತಿ, ಲೈಸೆನ್ಸ್ ಹೊರಗಿಂದು, ಈ ದೇಶದಾಗ ಒಂದಿನಾನೂ ಹೊಡದಿಲ್ಲ ಅಂತ ಅವ್ರು ಕೈಗೆ ನಿಲುಕದಷ್ಟು ರೊಕ್ಕ ಹೇಳ್ತಾರ."

"ಒಂದೂ ಅಪಘಾತ ಮಾಡಿಲ್ಲ, ಪದಕ ಐತಿ ಅಂತ ಹೇಳಿದ್ಯೇನು?"

ಸಹನಾ ನಕ್ಕಳು. ಕೊಂಕು ನಗೆಯಲ್ಲ, ಮಕ್ಕಳ ಮಾತು ಕೇಳಿ ದೊಡ್ಡವರು ನಗುತ್ತಾರಲ್ಲ, ಆ ನಗೆ. "ಅವ್ರಿಗೆ ಅದು ಲೆಕ್ಕಕ್ಕ ಇಲ್ಲಪ್ಪಾ. ಇಲ್ಲಿ ನೀ ನಿನ್ನೆ ಗಾಡಿ ಕಲ್ತಾಂವ ಇದ್ದಂಗ."

ಆ ಮಾತು ಚುಚ್ಚಿತು. ಡಿಪೋದ ಮ್ಯಾನೇಜರನೇ ಎದ್ದು ನಿಂತು ಕೈ ಕುಲುಕಿದ ಮನುಷ್ಯ ಇಲ್ಲಿ ನಿನ್ನೆ ಕಲಿತವನಂತೆ! ಅವನು ಮಗಳೊಡನೆ ನೆಟ್ಟಗೆ ಮಾತಾಡುವುದನ್ನೇ ಬಿಟ್ಟ. ಅವಳು ಅಕ್ಕರೆಯಿಂದ ಮಾಡಿದ ಜೋಳದ ರೊಟ್ಟಿಯನ್ನೂ ಮುಖ ಗಂಟಿಕ್ಕಿಕೊಂಡೇ ತಿಂದ.

ಮುಂದೊಂದು ದಿನ ಬೆಳಿಗ್ಗೆ ಸಹನಾ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದಳು. ಮನೆಯಲ್ಲಿ ಹಾಲು ತೀರಿತ್ತು. ಅಂಗಡಿ ನಡೆದು ಹೋಗುವಷ್ಟೇ ದೂರ, ಆದರೆ ಹಾಲು ಒಂದು ನೆಪ. ಚಾವಿ ಅವಳ ಪರ್ಸಿನಲ್ಲಿತ್ತು. ಹಂಪಣ್ಣ ಬಾಗಿಲ ಸಂದಿಯಿಂದ ಮಗಳು ಮಲಗಿದ್ದನ್ನು ನೋಡಿ, ಕಳ್ಳನ ಹಾಗೆ ಹೆಜ್ಜೆ ಇಟ್ಟು ಆ ಪರ್ಸು ತೆಗೆದ. ಬೆಳೆದ ಮಗಳ ಪರ್ಸಿಗೆ ಅಪ್ಪ ಕೈ ಹಾಕುವುದೆಂದರೆ ಏನು ಅಂತ ಅವನಿಗೆ ಗೊತ್ತಿರಲಿಲ್ಲ ಅಂತೇನಲ್ಲ. ಚೆನ್ನಾಗಿ ಗೊತ್ತಿತ್ತು, ಆದರೂ ಹಾಕಿದ.

ಹೋಗುವಾಗ ಸ್ವರ್ಗ. ಗುಂಡಿಯಿಲ್ಲದ ರಸ್ತೆ, ಅಡ್ಡ ಬರುವ ಎಮ್ಮೆಯಿಲ್ಲ, ಆಟೋ ಇಲ್ಲ. ಹಾಲು ತಂದ. ಗಾಡಿ ಮೊದಲು ಹೇಗೆ ನಿಂತಿತ್ತೋ ಹಾಗೇ ನಿಲ್ಲಿಸಿಬಿಟ್ಟರೆ ಮಗಳಿಗೆ ಸುಳಿವೂ ಹತ್ತುವುದಿಲ್ಲ ಎಂದುಕೊಂಡು ಹಿಂದಕ್ಕೆ ತಗೊಂಡ.

ಹಿಂದಕ್ಕೆ ತಗೊಳ್ಳುವುದರಲ್ಲೇ ಇತ್ತು ಎಲ್ಲ. ಇಡೀ ಸರ್ವಿಸಿನಲ್ಲಿ ಹಂಪಣ್ಣ ಒಬ್ಬನೇ ಗಾಡಿ ಹಿಂದಕ್ಕೆ ತೆಗೆದವನಲ್ಲ. ಕಂಡಕ್ಟರ್ ಮಲಿಕಸಾಬ ಕೆಳಗಿಳಿದು, ಬಸ್ಸಿನ ಬೆನ್ನು ತಟ್ಟುತ್ತ "ಬರ್ಲಿ, ಬರ್ಲಿ" ಎಂದು ಕೂಗಿ, ಸಾಕೆನಿಸಿದಾಗ ಸೀಟಿ ಊದುತ್ತಿದ್ದ. ಸೀಟಿ ಕೇಳುವವರೆಗೂ ಹೋಗು, ಕೇಳಿದರೆ ನಿಲ್ಲು. ಕಾಲಿಗೆ ಅಷ್ಟೇ ರೂಢಿ. ಅಂದು ಸೀಟಿ ಬರಲಿಲ್ಲ. ಬಂದದ್ದು ಒಬ್ಬ ಮುದುಕಿಯ ಚೀರು. ಎದುರುಮನೆಯ ಅಜ್ಜಿ ಕಸದ ಡಬ್ಬಿ ಎಳೆದುಕೊಂಡು ಹಿಂದೆ ಹಾಯುತ್ತಿದ್ದವಳು ಗಾಡಿ ತಾಗಿ ಬಿದ್ದುಬಿಟ್ಟಿದ್ದಳು, ಮಣಿಕಟ್ಟು ಮುರಿದಿತ್ತು.

ಹಂಪಣ್ಣ ಇಳಿದು ಓಡಿ ಎರಡೂ ಕೈ ಜೋಡಿಸಿದ. "ಸಾರಿ ಅಮ್ಮಾ, ಸಾರಿ, ನೋ ಪೊಲೀಸ್," ಎಂದು ಗೋಗರೆದ. ನಮ್ಮಲ್ಲಾದರೆ ನಾಲ್ಕು ಮಂದಿ ಹಿರಿಯರು ಸೇರಿ, ಆಸ್ಪತ್ರೆ ಖರ್ಚು ಮಾತಾಡಿ, ಅಲ್ಲೇ ರಾಜಿ ಮಾಡಿಸುತ್ತಿದ್ದರು. ಅಲ್ಲಿ ಯಾರೋ ಆಗಲೇ ಫೋನು ಹಚ್ಚಿಯಾಗಿತ್ತು. ಸಹನಾ ಮಲಗಿದ ಬಟ್ಟೆಯಲ್ಲೇ ಓಡಿ ಬಂದು, ಅಪ್ಪನನ್ನು ನೋಡದೆ, ಮೊದಲು ಅಜ್ಜಿಯ ಕೈ ಹಿಡಿದು ಕೂತಳು.

ಆಗ ಹಂಪಣ್ಣ ಬಗ್ಗಿ ಅವಳ ಕಿವಿಯಲ್ಲಿ ಹೇಳಿದ್ದನ್ನು ನೆನೆದರೆ ಈಗಲೂ ಅವನಿಗೆ ಮೈ ಹಿಡಿಯಾಗುತ್ತದೆ.

"ಸಹನಾ, ನೀನ ಹೊಡೀತಿದ್ದಿ ಅಂತ ಹೇಳಿಬಿಡು. ಇನ್ಶೂರೆನ್ಸ್ ನಿನ್ನ ಹೆಸರಿಗೆ ಐತೆಲ್ಲ. ನಮ್ಮ ಕಡೆ ಎಲ್ಲಾರೂ ಹಂಗ ಮಾಡ್ತಾರ."

ಸಹನಾ ತಲೆ ಎತ್ತಿದಳು. "ಅಜ್ಜಿ ನಿನ್ನ ನೋಡ್ಯಾಳಪ್ಪಾ," ಎಂದಳು. ಆಮೇಲೆ ದನಿ ತಗ್ಗಿಸಿ, "ನೋಡಿರದಿದ್ರೂ ನಾ ಹೇಳ್ತಿದ್ದಿಲ್ಲ," ಎಂದಳು.

ಪೊಲೀಸರು ಬಂದರು. ಹೊಡೆದವರು ಯಾರು ಎಂದು ಕೇಳಿದ್ದಕ್ಕೆ ಸಹನಾ ಅಪ್ಪನನ್ನು ತೋರಿಸಿದಳು. ಚಾವಿ ನೀನೇ ಕೊಟ್ಟೆಯಾ ಎಂದು ಕೇಳಿದರು. ಅಷ್ಟು ಇಂಗ್ಲಿಷ್ ಹಂಪಣ್ಣನಿಗೂ ತಿಳಿಯುತ್ತಿತ್ತು. ಇಲ್ಲ ಅಂದರೆ ಅಪ್ಪ ಕಳ್ಳ, ಹೌದು ಅಂದರೆ ತಪ್ಪು ಅವಳದೂ ಹೌದು. ಬಾಯಿ ತೆರೆದು "ನಾನೇ ಕದ್ದೆ" ಅನ್ನಬೇಕಾದವನು ಹಂಪಣ್ಣ. ಅವನು ಮಗಳ ಮುಖ ನೋಡಿದ.

"ಹೌದು, ನಾನೇ ಕೊಟ್ಟೆ," ಎಂದಳು ಸಹನಾ.

ವಿಮೆಯಿಲ್ಲದ ಗಾಡಿಯೆಂದು ಕಾರನ್ನು ಲಾರಿಯ ಮೇಲೇರಿಸಿ ಒಯ್ದರು. ಓಣಿಯ ಕಿಟಕಿಗಳಲ್ಲೆಲ್ಲ ಮುಖಗಳು. ಗಾಡಿ ಅದೇ, ಕಾಗದ ಅದೇ, ಸ್ಟೇರಿಂಗಿನ ಮೇಲಿನ ಕೈ ಬೇರೆಯಾದದ್ದಕ್ಕೆ ಆ ಕಾಗದ ಸತ್ತುಹೋಗಿತ್ತು. ಚಾವಿ ಕೇಳಿದ ದಿನ ಮಗಳು ಹೇಳಿದ ಮಾತು ಹಂಪಣ್ಣನಿಗೆ ಆಗ ಅರ್ಥವಾಯಿತು. ಆಮೇಲೆ ಅವನು ಅಲ್ಲಿದ್ದಷ್ಟು ದಿನ ಸಹನಾ ಮಳೆಯಲ್ಲಿ ನೆನೆಯುತ್ತ ಬಸ್ಸಿಗೆ ಕಾಯ್ದು ಕೆಲಸಕ್ಕೆ ಹೋದಳು. ಒಂದು ದಿನವೂ ಅಪ್ಪನನ್ನು ಬಯ್ಯಲಿಲ್ಲ. ಬೈದಿದ್ದರೆ ಅವನಿಗೆ ಅನ್ನ ಸೇರುತ್ತಿತ್ತು.

ವಿಮೆಯಿಲ್ಲದವನಿಗೆ ಚಾವಿ ಕೊಟ್ಟವಳೆಂದು ಸಹನಾಳಿಗೆ ಕೋರ್ಟಿನ ಕರೆ ಬಂದದ್ದು ಅವನು ಊರಿಗೆ ಬಂದ ಮೇಲೆ. ಕೇಸು ನಡೆದ ದಿನ ಹಂಪಣ್ಣ ಹೆಂಡತಿಗೆ ಕಾಣದಂತೆ ಹಿತ್ತಲಲ್ಲಿ ಫೋನು ಹಿಡಿದು ಕೂತಿದ್ದ. "ಮುಗೀತಪ್ಪಾ. ದಂಡ ಹಾಕ್ಯಾರ. ನನ್ನ ಲೈಸೆನ್ಸ್ ಮ್ಯಾಲೆ ತಪ್ಪಿನ ಗುರುತು ಬಿತ್ತು, ಅಷ್ಟ," ಎಂದಳು ಅವಳು. ಹಂಪಣ್ಣ ಯಾರಿಗೂ ಹೇಳಲಿಲ್ಲ. ಅನುಸೂಯಾ ಮಾತ್ರ, ಗಂಡ ಪರದೇಶದಲ್ಲೂ ನೀರು ಹರಿದಂತೆ ಗಾಡಿ ಹೊಡೆದನೆಂದು ಓಣಿಗೆಲ್ಲ ಸಾರಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಮಲಿಕಸಾಬ ಮನೆಗೆ ಬಂದ. ಅವನೂ ಈಗ ನಿವೃತ್ತ. ಮುಖದ ತುಂಬ ನಗು.

"ರಸ್ತೆ ಸುರಕ್ಷತಾ ಸಪ್ತಾಹಕ್ಕ ಡಿಪೋದಾಗ ನಿನಗ ಸನ್ಮಾನ ಇಟ್ಟಾರಲೇ ಹಂಪಣ್ಣಾ. ದೇಶದಾಗೂ ಪರದೇಶದಾಗೂ ಒಂದು ಗೀರು ಬೀಳದಂಗ ಹೊಡದಾಂವ ಅಂತ ಬ್ಯಾನರ್ ಬರಸಾಕ ಹೇಳೇನಿ."

"ಮೊಳಕಾಲು ಭಾಳ ನೋಯ್ತೈತಿ ಮಲಿಕ. ಬ್ಯಾರೇದವ್ರನ್ನ ಕರೀರಿ."

"ಮೊಳಕಾಲಿಗೇನು ಶಾಲು ಹೊದಸ್ತೀವೇನಲೇ?"

ಅನುಸೂಯಾ ಚಹಾ ತರುವುದಕ್ಕೂ ಸಹನಾಳ ಫೋನು ಬರುವುದಕ್ಕೂ ಸರಿಹೋಯಿತು. ಅವಳು ಫೋನನ್ನು ಸ್ಟೀಲ್ ಡಬ್ಬಿಗೆ ಆನಿಸಿ ನಿಲ್ಲಿಸಿದಳು. ಮಗಳ ಮುಖ ಕಂಡಿತು. ಮಲಿಕಸಾಬ ಮುಂದೆ ಬಗ್ಗಿದ.

"ಅವ್ವಾ ಸಹನಾ, ನಾ ಮಲಿಕಸಾಬ ಕಾಕಾ. ನಿಮ್ಮಪ್ಪಗ ಸನ್ಮಾನ ಐತವಾ, ಭಾಷಣ ನಂದು. ಅಲ್ಲಿ ಗಾಡಿ ಹ್ಯಾಂಗ ಹೊಡದಾ, ಕಣ್ಣಿಲೆ ನೋಡಿದಾಕಿ ನೀನ ಹೇಳವಾ."

ಸಹನಾ ಅಪ್ಪನನ್ನು ನೋಡಿದಳು. ಹಂಪಣ್ಣ ಚಹಾದ ಬಸಿಯನ್ನು ನೋಡುತ್ತಿದ್ದ.

"ಭಾಳ ಛಲೋ ಹೊಡದಾನ್ರಿ ಕಾಕಾ," ಎಂದಳು ಅವಳು. "ಇಲ್ಲಿ ಮಂದೀನೂ..."

"ಸಾಕವ್ವಾ," ಎಂದ ಹಂಪಣ್ಣ. "ನನ್ನ ಸಲುವಾಗಿ ಒಂದು ಸುಳ್ಳು ಹೇಳೀದಿ. ಇನ್ನೊಂದು ಬ್ಯಾಡ."

ಆಮೇಲೆ ಅವನು ಹೇಳಿದ. ಪರ್ಸಿಗೆ ಕೈ ಹಾಕಿದ್ದು, ಅಜ್ಜಿ ಬಿದ್ದದ್ದು, ಮಗಳ ಕಿವಿಯಲ್ಲಿ ಏನು ಹೇಳಿದ ಅನ್ನುವುದು, ಅವಳು ಅವನ ಕಳ್ಳತನ ಮುಚ್ಚಿದ್ದು, ಅದಕ್ಕೆ ಕೋರ್ಟಿನಲ್ಲಿ ದಂಡ ಬಿದ್ದದ್ದು, ಯಾವುದನ್ನೂ ಬಿಡದೆ ಹೇಳಿದ. ಫೋನಿನಲ್ಲಿ ಸಹನಾ "ಅಪ್ಪಾ, ಬಿಡಪ್ಪಾ" ಅನ್ನುತ್ತಲೇ ಇದ್ದಳು. ಮಲಿಕಸಾಬ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ. ಇನ್ನು ಬ್ಯಾನರ್ ಇಲ್ಲ, ಶಾಲು ಇಲ್ಲ, ನಾಳೆ ಬಸ್ ಸ್ಟ್ಯಾಂಡಿಗೆ ಯಾವ ಮುಖ ಹೊತ್ತು ಹೋಗಲಿ ಎಂದು ಹಂಪಣ್ಣ ಯೋಚಿಸುತ್ತಿದ್ದ.

ಅನುಸೂಯಾ ಇವುಗಳಲ್ಲಿ ಯಾವುದರ ಬಗ್ಗೆಯೂ ಪ್ರಶ್ನೆ ಎತ್ತಲಿಲ್ಲ. ಫೋನನ್ನು ಎತ್ತಿ ಎದೆಗೆ ಒತ್ತಿಕೊಂಡು ಗಂಡನ ಕಡೆ ತಿರುಗಿದಳು.

"ಹಂಗಾರ ಕೋರ್ಟಿನ್ಯಾಗ ಆಕಿ ಒಬ್ಬಾಕಿನ ನಿಂತಿದ್ಲೇನ್ರಿ?"

"ಹೂಂ," ಎಂದ ಹಂಪಣ್ಣ. "ಒಬ್ಬಾಕಿನ."