ಕಾಲು ಗಂಟೆಯ ಕೃತಜ್ಞತೆ

ಹತ್ತೊಂಬತ್ತನೆಯ ವಯಸ್ಸಿನಲ್ಲಿ ನನಗೆ ಸಂತಳಾಗುವ ಹುಚ್ಚು ಹಿಡಿದಿತ್ತು. ಮಹಾಯುದ್ಧ ಮುಗಿದರೂ ಸೀಮೆಎಣ್ಣೆ ಇನ್ನೂ ರೇಷನ್ ಚೀಟಿಯಲ್ಲೇ ಸಿಗುತ್ತಿದ್ದ ಕಾಲ. ಮನೆಯಲ್ಲಿ ಇದ್ದದ್ದು ಅಮ್ಮ ಮತ್ತು ನಾನು ಇಬ್ಬರೇ, ಅವಳನ್ನು ಬಿಟ್ಟು ಕಾನ್ವೆಂಟಿಗೆ ಸೇರುವ ಹಾಗಿರಲಿಲ್ಲ. ಇದ್ದಲ್ಲಿಯೇ ಪವಿತ್ರಳಾಗಬೇಕೆಂದು ಹೊರಟೆ. ಅಂಗಳ ಗುಡಿಸುವಾಗ ಜಪ, ಭತ್ತ ಕುಟ್ಟುವಾಗ ಜಪ. ಮಾತು ಕಡಿಮೆ ಮಾಡಿದೆ, ಗಂಜಿಗೆ ಉಪ್ಪು ಬಿಟ್ಟೆ. "ನಮ್ಮ ಮನೆಯಲ್ಲಿ ಒಬ್ಬಳು ಸಂತಳು ಇದ್ದಾಳೆ. ಪಾತ್ರೆ ತೊಳೆಯುವ ಹೊತ್ತಿಗೆ ಮಾತ್ರ ಕಾಣುವುದಿಲ್ಲ" ಎಂದು ಅಮ್ಮ ನೆರೆಮನೆಯ ತುಳು ಹೆಂಗಸಿನ ಹತ್ತಿರ ಹೇಳಿ ನಗುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಆ ಸಿಟ್ಟನ್ನೂ ದೇವರಿಗೆ ಒಪ್ಪಿಸುತ್ತಿದ್ದೆ.

ಆ ವರ್ಷ ಮೊದಲ ಶುಕ್ರವಾರಗಳ ವ್ರತ ಹಿಡಿದಿದ್ದೆ. ಒಂಬತ್ತು ತಿಂಗಳು ಒಂದೂ ತಪ್ಪದೆ, ತಿಂಗಳ ಮೊದಲ ಶುಕ್ರವಾರ ಪೂಜೆಗೆ ಹೋಗಿ ಪರಮಪ್ರಸಾದ ಸ್ವೀಕರಿಸಿದವರು ಕೊನೆಗಾಲದಲ್ಲಿ ಪ್ರಸಾದ ಕೊಡುವ ಪಾದ್ರಿಯಿಲ್ಲದೆ ಸಾಯುವುದಿಲ್ಲ ಎಂದು ನಮ್ಮಲ್ಲಿ ನಂಬಿಕೆ. ಪ್ರಸಾದ ಸ್ವೀಕರಿಸುವವರು ಹಿಂದಿನ ನಡುರಾತ್ರಿಯಿಂದ ನೀರನ್ನೂ ಮುಟ್ಟಬಾರದು. ಎಣ್ಮಕಜೆಯ ನಮ್ಮ ಗುಡ್ಡದಿಂದ ಬದಿಯಡ್ಕದ ಕಡೆಗಿದ್ದ ಇಗರ್ಜಿಗೆ ಎರಡು ಗಂಟೆಯ ನಡಿಗೆ. ಅಮ್ಮನಿಗೂ ಆ ವ್ರತದ ಆಸೆ ಇತ್ತು. ಎಮ್ಮೆ ಕರೆಯಲು ಒಬ್ಬರು ಬೇಕಲ್ಲ, ಅವಳು ಮನೆಯಲ್ಲಿ ಉಳಿದಳು.

ಎಂಟು ಶುಕ್ರವಾರ ಮುಗಿದವು. ಒಂಬತ್ತನೆಯದು ಹತ್ತಿರ ಬಂದಾಗ ಅಮ್ಮನಿಗೆ ಜ್ವರ ಹಿಡಿಯಿತು, ಇಳಿಯಲೇ ಇಲ್ಲ. ಆ ಶುಕ್ರವಾರ ನಸುಕಿನಲ್ಲಿ ಅವಳ ಉಸಿರು ಕಟ್ಟಿ ಕಟ್ಟಿ ಬರುತ್ತಿತ್ತು. ನೆರೆಯವಳನ್ನು ಕರೆದು ಅಮ್ಮನ ಹತ್ತಿರ ಕೂರಿಸಿದೆ.

"ಪಾದ್ರಿಗಳನ್ನು ಕರ್ಕೊಂಡು ಬಾ" ಎಂದಳು ಅಮ್ಮ. "ಬೇರೆ ಎಂತ ಬೇಡ ನನಗೆ."

ಓಡುತ್ತಲೇ ಹೋದೆ. ತಲುಪುವಾಗ ಪೂಜೆ ಶುರುವಾಗಿತ್ತು. ಮುಗಿದ ಕೂಡಲೇ ಹೇಳುವುದೆಂದು ಮೊಣಕಾಲೂರಿದೆ. ನಾಲಗೆಯ ಮೇಲೆ ಪ್ರಸಾದ ಬಂತು, ಒಂಬತ್ತು ತುಂಬಿತು. ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ಪ್ರಸಾದದ ನಂತರ ಕಾಲು ಗಂಟೆ ಯಾರೊಡನೆಯೂ ಮಾತಾಡದೆ ಕೃತಜ್ಞತೆ ಸಲ್ಲಿಸಬೇಕು, ಅಷ್ಟು ಹೊತ್ತು ದೇವರು ನಮ್ಮೊಳಗೆ ಅತಿಥಿ ಎಂದು ಕಲಿಸಿದ್ದರು. ಪಾದ್ರಿಗಳು ಪೂಜೆ ಮುಗಿಸಿ ಪಕ್ಕದ ಕೋಣೆಗೆ ಹೋದರು. ಎದ್ದು ಹೋಗಿ ಬಾಗಿಲು ತಟ್ಟಿದರೆ ಆಗುತ್ತಿತ್ತು. ನಾನು ಏಳಲಿಲ್ಲ. ಕೊನೆಯ ಶುಕ್ರವಾರಕ್ಕೆ ಕುಂದು ಬಂದರೆ ಒಂಬತ್ತೂ ನೀರುಪಾಲು ಎಂದುಕೊಂಡೆ. ಹೊರಗೆ ಸೈಕಲ್ಲಿನ ಸ್ಟ್ಯಾಂಡು ತೆಗೆದ ಸದ್ದು ಕೇಳಿತು. ಕಣ್ಣುಗಳನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಂಡೆ.

ಕಾಲು ಗಂಟೆ ಮುಗಿಸಿ ಎದ್ದು ಪಾದ್ರಿಗಳನ್ನು ಕೇಳಿದಾಗ ಮೇಣದಬತ್ತಿ ಆರಿಸುತ್ತಿದ್ದ ಮುದುಕ, "ಪಾದ್ರಿಗಳು ಹೊಳೆಯಾಚೆಯ ಸಣ್ಣ ಇಗರ್ಜಿಗೆ ಹೋದರಲ್ಲ, ಇನ್ನು ಸಂಜೆಗೇ. ಈಗ ಹೋದದ್ದಷ್ಟೆ. ನೀನು ಎಲ್ಲಿದ್ದಿ?" ಎಂದ.

"ಇಲ್ಲಿಯೇ ಇದ್ದೆ" ಎಂದೆ.

ಹೊಳೆಯ ದಾರಿಯಲ್ಲಿ ಕಾಲು ಸೋಲುವವರೆಗೆ ಓಡಿದೆ. ಪಾದ್ರಿಗಳ ಸೈಕಲ್ಲನ್ನು ಹಿಡಿಯಲಾಗಲಿಲ್ಲ. ಮನೆಗೆ ಮರಳುವಾಗ ಮಧ್ಯಾಹ್ನ. ನೆರೆಯವಳು ಅಂಗಳದಲ್ಲಿ ನಿಂತಿದ್ದಳು. ಅವಳ ಮುಖ ನೋಡಿಯೇ ಗೊತ್ತಾಯಿತು.

"ಬಾಯಿ ಒಣಗಿ ಹೋಗಿತ್ತು ಮಗಳೇ" ಎಂದಳು ಅವಳು. "ಎಷ್ಟು ಸಲ ನೀರು ಹಿಡಿದೆ, ಕುಡಿಯಲಿಲ್ಲ. ಪಾದ್ರಿ ಪ್ರಸಾದ ತರ್ತಾರೆ, ನೀರು ಮುಟ್ಟಬಾರದು ಅಂತ ತುಟಿ ಮುಚ್ಚಿಕೊಂಡರು."

ಸಾಯುವವರಿಗೆ ಆ ಉಪವಾಸವಿಲ್ಲ. ನನಗೆ ಅದು ಗೊತ್ತಿತ್ತು, ಅಮ್ಮನಿಗೆ ಗೊತ್ತಿರಲಿಲ್ಲ. ಹೊರಡುವ ಮೊದಲು ಒಂದು ಮಾತು ಹೇಳಿ ಹೋಗಬಹುದಿತ್ತು.

ಈಗ ಪ್ರಸಾದ ಸ್ವೀಕರಿಸಿದ ಕೂಡಲೇ ಎದ್ದು ಹೊರಗೆ ಬರುತ್ತೇನೆ. ಭಕ್ತಿಯಿಲ್ಲದವಳು ಎನ್ನುತ್ತಾರೆ, ಸರಿಯೇ. ಒಳಗಿರುವ ಅತಿಥಿಯೊಡನೆ ನನಗೆ ಮಾತಿಲ್ಲ. ಆದರೆ ಒಂಬತ್ತು ಶುಕ್ರವಾರ ನಾನು ತುಂಬಿಸಿದ್ದೇನೆ. ಆ ನಂಬಿಕೆ ನಿಜವಾದರೆ ನನ್ನ ಹಾಸಿಗೆಯ ಬಳಿ ಪಾದ್ರಿ ಬಂದೇ ಬರುತ್ತಾರೆ, ಯಾರಾದರೂ ಬಾಯಿಗೆ ನೀರೂ ಬಿಡುತ್ತಾರೆ. ಅದನ್ನು ನೆನೆದರೆ ನನಗೆ ಸಾಯಲೂ ನಾಚಿಕೆಯಾಗುತ್ತದೆ.